ನಾಲ್ಕು ಬೆರಳಿನ ಸಿಂಗಪುರ

ಹೊನ್ನಾಳಿಯ ಮೇಷ್ಟ್ರು ತೀರಿಕೊಂಡ ಸುದ್ದಿ ಚನ್ನಗಿರಿಯಲ್ಲಿ ನಾನೂ ಮೇಷ್ಟ್ರಾಗಿದ್ದ ನನಗೆ ಬೆಳಿಗ್ಗೆಯೇ ಮುಟ್ಟಿತು. ತಕ್ಷಣ ಹೊರಟೆ. ತಕ್ಷಣ ಅಂದರೆ, ಅಂಗಿಯ ಗುಂಡಿಗಳನ್ನು ಒಂದೊಂದು ಕಾಜಾ ಕೆಳಗೆ ಹಾಕಿಕೊಂಡು, ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಪಕ್ಕದ ಮನೆಯವರದು ಮೆಟ್ಟಿಕೊಂಡು ಹೊರಟೆ. ಯುದ್ಧ ಮುಗಿದು ವರ್ಷಗಳಾದರೂ ನಮ್ಮ ಬಸ್ಸಿಗೆ ಇನ್ನೂ ಪೆಟ್ರೋಲಿನ ಯೋಗ ಬಂದಿರಲಿಲ್ಲ. ಬೆನ್ನಿಗೆ ಇದ್ದಲ ಒಲೆ ಕಟ್ಟಿಕೊಂಡು, ಗರ್ಭಿಣಿ ಎಮ್ಮೆಯ ಹಾಗೆ ಉಸಿರು ಬಿಡುತ್ತಾ ಓಡುತ್ತಿತ್ತು. ಏರು ಬಂದಾಗಲೆಲ್ಲ ಕಂಡಕ್ಟರು, "ಇಳೀರಿ, ನೂಕ್ರಿ" ಅನ್ನುತ್ತಿದ್ದ. ನಾನೂ ಇಳಿದು ಮೈಯೆಲ್ಲ ಬೆವರಾಗುವಂತೆ ನೂಕಿದೆ.

"ರೀ ಮೇಷ್ಟ್ರೇ, ಮುಂದಿನಿಂದ ಯಾಕ್ರೀ ನೂಕ್ತೀರಾ? ಬಸ್ಸು ವಾಪಸ್ ಚನ್ನಗಿರಿಗೆ ಹೋಗ್ಬೇಕೇನ್ರೀ?" ಅಂತ ಅವನು ಕೂಗಿದಾಗಲೇ ನನಗೆ ಗೊತ್ತಾದದ್ದು.

ನ್ಯಾಮತಿಯಲ್ಲಿ ಇಳಿದು ಹೊನ್ನಾಳಿ ಬಸ್ಸು ಅಂದುಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ. ಎರಡು ಮೈಲಿ ಹೋದ ಮೇಲೆ ತಿಳಿದು ಇಳಿದು ನಡೆದುಕೊಂಡು ಬಂದೆ. ಹೀಗೆ ಹೊನ್ನಾಳಿ ಸೇರುವಾಗ ಹೊತ್ತು ಇಳಿದಿತ್ತು. ಮಣ್ಣು ಮಾಡಿ, ಹೊಳೆಯಲ್ಲಿ ಮುಳುಗಿ, ಜನರೆಲ್ಲ ಒದ್ದೆ ಬಟ್ಟೆಯಲ್ಲಿ ವಾಪಸ್ ಬರುತ್ತಿದ್ದರು. ಮುಖ ನೋಡುವುದಕ್ಕೂ ಸಿಗಲಿಲ್ಲ.

ಇದ್ದಿದ್ದರೆ ಮೇಷ್ಟ್ರು ಒಂದು ಕಣ್ಣು ಮುಚ್ಚಿ ಆಕಾಶ ನೋಡಿ ಹೇಳುತ್ತಿದ್ದರು: "ಚನ್ನಗಿರಿ ಹೊನ್ನಾಳಿ ಹತ್ತು ನಿಮಿಷದ ದಾರಿ ಕಣಪ್ಪಾ. ಇಡೀ ದಿನ ಏನ್ ಮಾಡ್ದೆ?"

ಅವರ ಪ್ರಕಾರ ದೂರ ಅನ್ನುವುದು ಲೋಕದಲ್ಲಿ ಇರಲೇ ಇಲ್ಲ. "ದೂರ ಅಂತ ಇಲ್ಲ, ಹೊತ್ತು ಅಂತ ಐತೆ, ಅಷ್ಟೆ" ಅನ್ನುತ್ತಿದ್ದರು. ಹೊತ್ತು ಅಂದರೆ ವಿಮಾನದ ಹೊತ್ತು. ಗಂಟೆಗೆ ನೂರೈವತ್ತು ಮೈಲಿ. ಇಷ್ಟು ಹೇಳುತ್ತಿದ್ದ ಮನುಷ್ಯ ವಿಮಾನವನ್ನು ಹತ್ತಿರದಿಂದ ನೋಡಿದವರಲ್ಲ, ಮುಟ್ಟಿದವರಲ್ಲ. ಪೇಪರಿನಲ್ಲಿ ಓದಿದ್ದರು.

ನಾನು ಹೊನ್ನಾಳಿ ಮಿಡ್ಲ್ ಸ್ಕೂಲಿಗೆ ಲೆಕ್ಕದ ಮೇಷ್ಟ್ರಾಗಿ ಹೊಸದಾಗಿ ಸೇರಿದಾಗ ಅವರು ಅಲ್ಲಿ ಹೆಡ್ ಮೇಷ್ಟ್ರು. ಭೂಗೋಳ ಅವರದೇ ಪಾಠ. ಸ್ಕೂಲಿನ ಗೋಳಕ್ಕೆ ಗೆದ್ದಲು ಹಿಡಿದು ಯುರೋಪು ಪೂರ್ತಿ ಹೋಗಿತ್ತು. ಹಾಗಾಗಿ ಅವರು ಬೆಂಗಳೂರಿಂದ ಸ್ವಂತ ದುಡ್ಡಿನಲ್ಲಿ ಒಂದು ಗೋಳ ತಂದುಕೊಂಡಿದ್ದರು. ಬೆಳಿಗ್ಗೆ ಅದನ್ನು ಮಗುವಿನ ಹಾಗೆ ತೋಳಿನಲ್ಲಿ ಎತ್ತಿಕೊಂಡು ಸ್ಕೂಲಿಗೆ ಬರುವುದು, ಸಂಜೆ ಎತ್ತಿಕೊಂಡು ಮನೆಗೆ ಹೋಗುವುದು. ಮೊದಲ ದಿನ ನನ್ನನ್ನು ಕರೆದು, "ನಮ್ಮ ಮೈಸೂರು ಸೀಮೆ ತೋರ್ಸು ನೋಡಾಣ" ಅಂದರು. ನಾನು ಗಾಬರಿಯಲ್ಲಿ ಹೆಬ್ಬೆರಳು ಒತ್ತಿದ್ದು ಸಿಲೋನಿನ ಮೇಲೆ.

"ಸಂಬಳಕ್ಕೆ ಅಲ್ಲಿಗೇ ಹೋಗು. ಇಲ್ಲಿಂದ ಬಸ್ಸಿಲ್ಲ ಅಷ್ಟೆ" ಅಂದರು.

ಅವರ ಕೋಟಿನ ಮೇಲಿನ ಗುಂಡಿಗೆ ಯಾವಾಗಲೂ ಒಂದು ಬಿಳಿ ನೂಲು ಸುತ್ತಿರುತ್ತಿತ್ತು. ಅಳೆಯಬೇಕಾದ ಎರಡು ಊರುಗಳ ನಡುವೆ ಆ ನೂಲನ್ನು ಬಿಗಿಯಾಗಿ ಹಿಡಿದು, ಎರಡು ಕಡೆಯೂ ಉಗುರು ಒತ್ತಿ, ಅಷ್ಟೇ ಉದ್ದವನ್ನು ಗೋಳದ ನಡುಪಟ್ಟಿಯ, ಅಂದರೆ ಭೂಮಧ್ಯರೇಖೆಯ, ಮೇಲಿಟ್ಟು ಮೈಲಿ ಎಣಿಸುತ್ತಿದ್ದರು. ಗೋಡೆಯ ನಕ್ಷೆಯಲ್ಲಿ ಅಡಿಪಟ್ಟಿ ಇಟ್ಟು ಅಳೆದವರನ್ನು ಕಂಡರೆ ಅವರಿಗಾಗದು. "ಹಕ್ಕಿ ಏನು ಗೋಡೆ ಮೇಲೆ ಹಾರ್ತೈತೇನೋ?" ಅನ್ನುತ್ತಿದ್ದರು. ಕೊನೆಯ ಗಂಟೆ ಹೊಡೆಯುವ ಮೊದಲು ದಿನವೂ ಹುಡುಗರಿಗೆ ಒಂದೇ ಪೂಜೆ.

"ಹೊನ್ನಾಳಿಯಿಂದ ನ್ಯಾಮತಿ?"

"ಐದು ನಿಮಿಷ ಸಾ!"

"ಜಗಳೂರು?"

"ಇಪ್ಪತ್ತು ನಿಮಿಷ ಸಾ!"

"ಸಿಂಗಪುರದಿಂದ ಮದರಾಸು?"

"ಹನ್ನೆರಡು ಗಂಟೆ ಸಾ!"

ಇಷ್ಟು ಕೂಗಿ ಹುಡುಗರು ನ್ಯಾಮತಿ ರಸ್ತೆಯ ಹಳ್ಳಿಗಳಿಗೆ ಬರಿಗಾಲಿನಲ್ಲಿ ನಡೆದುಕೊಂಡು ಹೋಗುತ್ತಿದ್ದರು.

ಸಿಂಗಪುರ ಆ ಪೂಜೆಯೊಳಗೆ ಸೇರಿದ್ದು ಅಳಿಯನಿಂದ. ಮೇಷ್ಟ್ರಿಗೆ ಹೆಂಡತಿ ಇರಲಿಲ್ಲ, ಒಬ್ಬಳೇ ಮಗಳು. ಜಗಳೂರು ಕಡೆಯ ಬಿಳಿಚೋಡಿನ ಹುಡುಗನಿಗೆ ಕೊಟ್ಟಿದ್ದರು. ಟೈಪು ಕಲಿತಿದ್ದ ಆ ಹುಡುಗ ಮದುವೆಯಾದ ವರ್ಷವೇ ಮಿಲಿಟರಿ ಉಗ್ರಾಣದ ಗುಮಾಸ್ತನಾಗಿ ಸಿಂಗಪುರಕ್ಕೆ ಹೊರಟ. ಮಗಳು ತಂದೆಯ ಮನೆಯಲ್ಲಿ ಉಳಿದಳು. ಬಸ್ಸು ಹತ್ತುವಾಗ ಅವನು ನಗುತ್ತಾ ಅಂದನಂತೆ: "ಹೋಗೋದು ಹಡಗಿನಾಗೆ ಮಾವಾ, ಬರೋವಾಗ ವಿಮಾನದಾಗೇ ಬರ್ತೀನಿ. ದೋಸೆ ಹಿಟ್ಟು ರುಬ್ಬಿಸಿಡ್ರಿ."

ಬಸ್ಸಿನ ಮೆಟ್ಟಿಲ ಮೇಲೆ ನಿಂತವನ ಮಾತು ಅದು. ನಾನಾಗಿದ್ದರೆ ಅದಕ್ಕಿಂತ ದೊಡ್ಡ ಸುಳ್ಳು ಹೇಳುತ್ತಿದ್ದೆ. ಮೇಷ್ಟ್ರು ಮಾತ್ರ ಅಂದೇ ಮನೆಗೆ ಹೋಗಿ ನೂಲು ಬಿಚ್ಚಿ ಅಳೆದರು. ಸಾವಿರದೆಂಟುನೂರು ಮೈಲಿ. ಗೋಳದ ಮೇಲೆ ನಾಲ್ಕು ಬೆರಳು. ಹನ್ನೆರಡು ಗಂಟೆ.

"ಸಾರ್, ಪೇಪರಿನಲ್ಲಿ ಬೇರೆ ಥರ ಇದೆಯಲ್ಲ? ವಿಮಾನ ರಂಗೂನಿನಲ್ಲಿ ಇಳಿಯುತ್ತೆ, ಕಲ್ಕತ್ತಕ್ಕೆ ಹೋಗುತ್ತೆ, ಎರಡು ದಿನ ಆಗುತ್ತೆ ಅಂತ" ಅಂದೆ ಒಮ್ಮೆ, ನನ್ನ ಜಾಣತನ ತೋರಿಸಲು.

"ಮನೆಗೆ ಬರೋನು ಯಾಕಪ್ಪಾ ನಡುವೆ ಇಳೀತಾನೆ?" ಅಂದರು.

ನಾನು ಪೇಪರು ಮಡಚಿಟ್ಟೆ.

ಆಮೇಲೆ ಸಿಂಗಪುರ ಜಪಾನಿನವರ ಕೈಗೆ ಬಿತ್ತು. ಅಳಿಯನ ಕಾಗದ ನಿಂತುಹೋಯಿತು. ಸತ್ತನೆಂದು ಹೇಳುವವರಿಲ್ಲ, ಬದುಕಿದ್ದಾನೆ ಅನ್ನುವವರೂ ಇಲ್ಲ. ಊರು ಬಿದ್ದ ಸುದ್ದಿ ಬಂದ ದಿನ ಮೇಷ್ಟ್ರು ಸ್ಕೂಲಿಗೆ ಬಂದು ಎಂದಿನಂತೆ ಹಾಜರಿ ಕರೆದರು, ಪಾಠ ಮಾಡಿದರು. ಸಂಜೆ ಪೂಜೆಯಲ್ಲಿ ಸಿಂಗಪುರ ಬಂದಾಗ ಹುಡುಗರು ಸುಮ್ಮನಾದರು. ಮೇಷ್ಟ್ರು ಬೆತ್ತದಿಂದ ಮೇಜು ಕುಟ್ಟಿ, "ಯಾಕ್ರೋ? ಊರು ಬಿದ್ರೆ ಮೈಲಿ ಜಾಸ್ತಿ ಆಗ್ತಾವೇನ್ರೋ? ಹೇಳ್ರೋ!" ಅಂದರು.

"ಹನ್ನೆರಡು ಗಂಟೆ ಸಾ" ಅಂದರು ಹುಡುಗರು, ಮೆಲ್ಲಗೆ.

ಅಲ್ಲಿಂದ ಆ ಮನೆಯಲ್ಲಿ ಒಂದು ವ್ರತ ಶುರುವಾಯಿತು. ಪೇಪರಿನಲ್ಲಿ ಒಳ್ಳೆಯ ಸುದ್ದಿ ಬಂದ ದಿನ, ಅಲ್ಲಿ ಜಪಾನಿನವರು ಹಿಂದೆ ಸರಿದರು, ಇಲ್ಲಿ ನಮ್ಮವರು ಮುಂದೆ ಹೋದರು ಅಂತ ಓದಿದ ದಿನ, ಮೇಷ್ಟ್ರು ಮನೆಗೆ ಬಂದು, "ಅಕ್ಕಿ ನೆನೆ ಹಾಕವ್ವಾ" ಅನ್ನುತ್ತಿದ್ದರು. ಕಂಟ್ರೋಲಿನ ಕಾಲ. ರೇಷನ್ನಿನಲ್ಲಿ ಸಿಗುತ್ತಿದ್ದ ಅಕ್ಕಿ ಅಂದರೆ ಅರ್ಧ ಕಲ್ಲು, ಅರ್ಧ ಹುಳ. ಅದನ್ನೇ ಆರಿಸಿ ಮಗಳು ರುಬ್ಬುವಳು. ರುಬ್ಬಿಟ್ಟ ಹಿಟ್ಟು ಉಬ್ಬುವುದಕ್ಕೆ ಎಷ್ಟು ಹೊತ್ತು ಬೇಕೋ, ಸಿಂಗಪುರದಿಂದ ಮದರಾಸಿಗೆ ಅಷ್ಟೇ ಹೊತ್ತು ಅನ್ನುವುದು ಮೇಷ್ಟ್ರ ಲೆಕ್ಕ.

"ಮದರಾಸಿಗೆ ಬಂದ್ರೆ ಹೊನ್ನಾಳಿಗೆ ಬಂದಂಗೇನಪ್ಪಾ?" ಅಂತ ಮೊದಮೊದಲು ಅವಳು ನಗುತ್ತಿದ್ದಳು.

"ಬಂದಂಗೆ. ಮದರಾಸಿಂದೀಚೆಗೆ ನಮ್ದೇ ನೆಲ. ನಡ್ಕೊಂಡಾದ್ರೂ ಬರ್ತಾನೆ."

ಬೆಳಗಾಗುವುದು. ಹಿಟ್ಟು ಉಬ್ಬುವುದು. ಯಾರೂ ಬಾರರು. ಒಂದು ದಿನ ಕಾಯುವರು, ಎರಡು ದಿನ ಕಾಯುವರು. ಹಿಟ್ಟು ಹುಳಿ ಬಂದು ಪಾತ್ರೆಯಿಂದ ಆಚೆಗೆ ಇಳಿಯತೊಡಗಿದಾಗ ನನಗೆ ಕರೆ ಬರುತ್ತಿತ್ತು. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದು, ಬೇಯಿಸಿದ್ದೆಲ್ಲ ಸೀದು, ಸೀದದ್ದನ್ನೇ ತಿಂದು ಬದುಕಿದ್ದ ಪ್ರಾಣಿ ನಾನು. ಓಡುತ್ತಿದ್ದೆ. ಹೀಗೆ ಯುದ್ಧದ ಕಾಲದಲ್ಲಿ ಇಡೀ ಸೀಮೆ ಬಡಕಲಾದಾಗ, ಸಿಂಗಪುರದವನ ಪಾಲಿನ ದೋಸೆ ತಿಂದು ಮೈ ತುಂಬಿಕೊಂಡವನು ನಾನೊಬ್ಬನೇ. ಒಂದು ಸಲ ಹನ್ನೊಂದು ದೋಸೆ ತಿಂದು ಏಳಲಾರದೆ ಗೋಡೆ ಹಿಡಿದೆ. ಅವಳು ಒಲೆಯ ಮುಂದಿಂದಲೇ, "ಮೇಷ್ಟ್ರೇ, ವಿಮಾನ ನೆಲ ಬಿಟ್ಟು ಏಳ್ತಿಲ್ಲ, ಯಾರಾದ್ರೂ ನೂಕ್ರಿ" ಅಂದಳು.

ಆ ಮಾತಿಗೆ ನಾನು ಬಿದ್ದೆ. ಗೋಡೆ ಹಿಡಿದಿದ್ದರೂ ಬಿದ್ದೆ.

ಯುದ್ಧ ಮುಗಿಯುವ ಹಿಂದಿನ ಬೇಸಿಗೆಯಲ್ಲಿ ಅಳಿಯನ ಅಣ್ಣ ಬಿಳಿಚೋಡಿನಿಂದ ಬಂದ. ಕುರಿ ಸಾಕುವ, ಮಾತು ಕಡಿಮೆಯ ಮನುಷ್ಯ. ಹಿಂದಿನ ದಿನ ಬೆಳಿಗ್ಗೆ ಊರು ಬಿಟ್ಟವನು, ದಾವಣಗೆರೆಯಲ್ಲಿ ಮಲಗಿ, ಈ ದಿನ ಮಧ್ಯಾಹ್ನ ಸೇರಿದ್ದ. ನಾನು ಜಗುಲಿಯ ಮೇಲೆ ಹುಡುಗರ ಲೆಕ್ಕ ತಿದ್ದುತ್ತಾ ಕೂತಿದ್ದೆ.

"ಮಾವಾ, ನಮ್ಮವ್ವ ಹೇಳಿ ಕಳಿಸ್ಯಾಳೆ" ಅಂದ ಅವನು. "ಅವನ ದಿನ ಮಾಡಿ ಮುಗಿಸೋಣ್ರಿ. ಹುಡುಗಿಗೆ ಇನ್ನೂ ಇಪ್ಪತ್ತೆರಡು ತುಂಬಿಲ್ಲ. ನಮ್ಮಾಗೆ ಉಡಿಕೆ ಐತೆ. ಯಾರಾದ್ರೂ ಒಳ್ಳೇನು ಸಿಕ್ಕಿದ್ರೆ ಸೀರೆ ಉಡಿಸಿ ಕಳಿಸ್ರಿ. ನಾವೇನೂ ಅನ್ನಲ್ಲ. ಸೀರೆ ನಮ್ಮವ್ವನೇ ಕೊಡ್ತಾಳಂತೆ."

ಮೇಷ್ಟ್ರು ಒಳಗೆ ಹೋಗಿ ಗೋಳ ತಂದು ಅವನ ಮುಂದಿಟ್ಟರು. ಕೋಟಿನ ಗುಂಡಿಯಿಂದ ನೂಲು ಬಿಚ್ಚಿದರು. "ಇಲ್ಲಿ ನೋಡು. ಇದು ಅವನಿರೋದು. ಇದು ಮದರಾಸು. ಬೆರಳು ಇಡು. ಎಷ್ಟಾಯ್ತು?"

ಅವನು ತನ್ನ ದಪ್ಪ ಬೆರಳುಗಳನ್ನು ಗೋಳದ ಮೇಲಿಟ್ಟ. "ನಂದು ಮೂರೇ ಆಗ್ತಾವ್ರೀ."

"ನೋಡ್ದಾ? ನೀನು ಜಗಳೂರಿಂದ ಬರಾಕೆ ತಗೊಂಡಷ್ಟು ಹೊತ್ತೂ ಬ್ಯಾಡ ಅವನಿಗೆ."

ಆ ಮನುಷ್ಯ ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಆಮೇಲೆ, "ಬೆರಳ ಕೆಳಗೆ ಎಲ್ಲಾ ಸಮುದ್ರನೇ ಐತಲ್ರೀ ಮಾವಾ" ಅಂದ. ಟವಲ್ಲಿನಿಂದ ಮುಖ ಒರೆಸಿಕೊಂಡು, ಊಟಕ್ಕೂ ನಿಲ್ಲದೆ ಎದ್ದು ಹೋದ.

ಉಡಿಕೆ, ಅಂದರೆ ಗಂಡ ಸತ್ತವಳ ಮರುಮದುವೆ, ಆ ಮಾತು ಕಿವಿಗೆ ಬಿದ್ದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಮದುವೆಯಾಗದ ಗಂಡು ಉಡಿಕೆ ಮಾಡಿಕೊಳ್ಳಬೇಕಾದರೆ ಮೊದಲು ಎಕ್ಕದ ಗಿಡಕ್ಕೆ ತಾಳಿ ಕಟ್ಟಬೇಕು. ಅದು ಮೊದಲ ಹೆಂಡತಿಯ ಲೆಕ್ಕ. ಆಮೇಲೆ ಉಡಿಕೆ. ನಾನು ಹೊಳೆದಂಡೆಗೆ ಹೋಗಿ ಒಂದು ಎಕ್ಕದ ಗಿಡ ನೋಡಿಟ್ಟೂ ಬಂದೆ. ಒಳ್ಳೆಯ ಮನೆತನದ ಗಿಡ, ಎತ್ತರ ನನಗಿಂತ ಸ್ವಲ್ಪ ಕಡಿಮೆ. ಒಂದು ಭಾನುವಾರ ಧೈರ್ಯ ಮಾಡಿ ಮೇಷ್ಟ್ರ ಮುಂದೆ ನಿಂತೆ. ರಾತ್ರಿಯೆಲ್ಲ ಕಟ್ಟಿಟ್ಟ ಮಾತು ಒಂದೂ ನೆನಪಿಗೆ ಬರಲಿಲ್ಲ. ಮಸಿಕುಡಿಕೆ ಉರುಳಿಸಿದೆ. ಅದನ್ನು ನನ್ನ ಪಂಚೆಯಿಂದಲೇ ಒರೆಸುತ್ತಾ, "ಸಾರ್, ನಾನು ಎಕ್ಕದ ಗಿಡಕ್ಕೆ ತಾಳಿ ಕಟ್ಟಬೇಕು ಅಂತಿದ್ದೀನಿ" ಅಂದುಬಿಟ್ಟೆ.

ಭೂಮಿಯ ಮೇಲೆ ಯಾರೂ ಹೀಗೆ ಹೆಣ್ಣು ಕೇಳಿರಲಿಕ್ಕಿಲ್ಲ. ಮೇಷ್ಟ್ರಿಗೆ ಮಾತ್ರ ತಿಳಿಯಿತು. ಬೈಯಲಿಲ್ಲ. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ನೂಲನ್ನು ಗುಂಡಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

"ನೀನು ಕೇಳಿದ್ದರಾಗೆ ತಪ್ಪಿಲ್ಲಪ್ಪಾ" ಅಂದರು ಕೊನೆಗೆ. "ನೀನು ಒಳ್ಳೇನು. ಪೆದ್ದ, ಆದ್ರೆ ಒಳ್ಳೇನು. ಆದ್ರೆ ಉಡಿಕೆ ಆಗ್ಬೇಕು ಅಂದ್ರೆ ಅವನು ಸತ್ತ ಅಂತ ನನ್ನ ಬಾಯಾಗೆ ಬರಬೇಕಲ್ಲ? ಹನ್ನೆರಡು ಗಂಟೆ ಆಚೆಗಿರೋನ್ನ ಹೆಂಗಪ್ಪಾ ಸಾಯ್ಸಲಿ? ನಾಳೆ ಬೆಳಿಗ್ಗೆ ಬಂದು ಬಾಗಿಲ ಮುಂದೆ ನಿಂತ್ರೆ ಏನಂತ ಹೇಳ್ಲಿ? ವರ್ಷದ ದಾರಿ ಆಗಿದ್ರೆ ಆಸೆ ಬಿಡಬಹುದಿತ್ತು. ಹತ್ತಿರ ಐತಲ್ಲಪ್ಪಾ, ಬಾಳ ಹತ್ತಿರ ಐತೆ."

ನಾನು ಎದ್ದು ಹಿತ್ತಿಲ ಕಡೆಯಿಂದ ಹೊರಟೆ. ಅವಳು ಬಾವಿಯ ಹತ್ತಿರ ರುಬ್ಬುವ ಗುಂಡು ತೊಳೆಯುತ್ತಿದ್ದಳು.

"ಏನಂತು ಎಕ್ಕದ ಗಿಡ? ಒಪ್ಪಿತೇನ್ರಿ ಮೇಷ್ಟ್ರೇ?"

"ಅದು ಒಪ್ಪೈತೆ. ಅದರ ಮಾವ ಒಪ್ಪಲಿಲ್ಲ" ಅಂದೆ.

ಅವಳು ನಗಲಿಲ್ಲ. "ಅಪ್ಪ ಹೂಂ ಅನ್ನೋವರ್ಗೂ ನಾನು ಹೂಂ ಅನ್ನಾಕೆ ಬರಲ್ಲ. ಅಪ್ಪ ಆ ನೂಲು ಬಿಡಲ್ಲ. ನೀವು ಬೇರೆ ಕಡೆ ಗಿಡ ನೋಡ್ಕೊಳ್ರಿ" ಅಂದಳು. ಗುಂಡಿಗೆ ಅಂಟಿದ ಹಿಟ್ಟನ್ನು ಉಗುರಿನಿಂದ ಕೆರೆಯುತ್ತಲೇ ಇದ್ದಳು.

ಯುದ್ಧ ಮುಗಿದ ದಿನ ಮೇಷ್ಟ್ರು ಸ್ಕೂಲಿಗೆ ರಜ ಕೊಟ್ಟರು. ಅಕ್ಕಿ ಸಾಲದೆ ನಾನೂ ನನ್ನ ರೇಷನ್ನು ತೆಗೆದುಕೊಂಡು ಹೋಗಿ ಕೊಟ್ಟೆ. ಯಾಕೆ ಕೊಟ್ಟೆ, ಯಾರಿಗೆ ಕೊಟ್ಟೆ ಅಂತ ಕೇಳಬೇಡಿ. ಬುದ್ಧಿಯಿದ್ದವರು ಮಾಡುವ ಕೆಲಸವನ್ನು ನಾನು ಹುಟ್ಟಿದಾಗಿನಿಂದ ಮಾಡಿಲ್ಲ. ಆ ದಿನ ಒಂದು ವಿಮಾನವೂ ಹೊಳೆಯ ಮೇಲೆ ಹಾದುಹೋಯಿತು. ಯಾರದೋ, ಎಲ್ಲಿಗೋ. ಮೇಷ್ಟ್ರು ರುಮಾಲು ಬಿಚ್ಚಿ ಬೀಸುತ್ತಾ ಬೀದಿಯಲ್ಲಿ ಓಡಿದರು. ನೂರಿಪ್ಪತ್ತು ಪೌಂಡು ತೂಗದ ಆ ಮನುಷ್ಯನ ಹಿಂದೆ ಇಡೀ ಸ್ಕೂಲು ಓಡಿತು. ಎಲ್ಲರಿಗಿಂತ ಹಿಂದೆ, ದೋಸೆ ತಿಂದ ಭಾರಕ್ಕೆ ಏದುಸಿರು ಬಿಡುತ್ತಾ ನಾನು. ವಿಮಾನ ನ್ಯಾಮತಿ ಕಡೆಗೆ ಹೋಗಿ ಚುಕ್ಕೆಯಾಯಿತು. ಮೇಷ್ಟ್ರು ರುಮಾಲು ಹಿಡಿದುಕೊಂಡು ನಿಂತು, "ಇದಲ್ಲ. ಮುಂದಿಂದು" ಅಂದರು.

ಆ ಸಲದ ಹಿಟ್ಟು ಹುಳಿ ಬಂದು ಕೊನೆಗೆ ಎಮ್ಮೆಗೂ ಬೇಡವಾಯಿತು.

ಮುಂದಿನ ವರ್ಷ ಬಿಳಿಚೋಡಿನಿಂದ ಆ ಅಣ್ಣ ಮತ್ತೆ ಬಂದ. ಈ ಸಲ ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ. "ಸರ್ಕಾರದಿಂದ ಹೇಳಿಕಳಿಸ್ಯಾರೆ ಮಾವಾ" ಅಂದ. "ಊರು ಬಿದ್ದ ವಾರದಾಗೇ ಹೋಗ್ಬಿಟ್ಟಾನಂತೆ. ಆಸ್ಪತ್ರೆಯಾಗೆ."

ಊರು ಬಿದ್ದ ವಾರದಲ್ಲೇ. ಅಂದರೆ ಮೊದಲ ಸಲ ಅಕ್ಕಿ ನೆನೆ ಹಾಕುವ ಮೊದಲೇ.

ಮೇಷ್ಟ್ರು ಅಳಲಿಲ್ಲ. ಗೋಳ ತಂದು ಮುಂದಿಟ್ಟುಕೊಂಡು ಸಂಜೆಯವರೆಗೂ ಅಳೆದರು. ನನ್ನನ್ನು ಕರೆದು, "ನೀನು ಲೆಕ್ಕದ ಮೇಷ್ಟ್ರಲ್ಲೇನೋ, ನೋಡು, ನಂದು ಎಲ್ಲಿ ತಪ್ಪೈತೆ?" ಅಂದರು. ನಾನು ನೋಡಿದೆ. ನಾನು ಸಾಮಾನ್ಯವಾಗಿ ಕೂಡಿದರೂ ತಪ್ಪು, ಕಳೆದರೂ ತಪ್ಪು. ಆದರೆ ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಮೈಲಿ ಸರಿಯಿತ್ತು, ಗಂಟೆ ಸರಿಯಿತ್ತು.

"ಸರಿ ಐತೆ ಸಾರ್."

"ಅದೇ ಕಣಪ್ಪಾ. ತಪ್ಪಿದ್ರೆ ಎಷ್ಟು ಚೆನ್ನಾಗಿರ್ತಿತ್ತು."

ಅಂದಿನಿಂದ ಸ್ಕೂಲಿನಲ್ಲಿ ಸಂಜೆಯ ಪೂಜೆ ನಿಂತಿತು. ಕೊನೆಯ ಗಂಟೆಗೆ ಮೊದಲು ಹುಡುಗರು ಅಭ್ಯಾಸಬಲದಿಂದ ಎದ್ದು ನಿಲ್ಲುತ್ತಿದ್ದರು. ಮೇಷ್ಟ್ರು ಕಿಟಕಿಯ ಆಚೆ ನೋಡುತ್ತಾ, "ನಡೀರಿ, ಮನೆ ದೂರ ಐತೆ" ಅನ್ನುತ್ತಿದ್ದರು. ದೂರ ಐತೆ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕೆಲವು ತಿಂಗಳಾದ ಮೇಲೆ ಅವರಾಗಿಯೇ ನನ್ನ ಕೋಣೆಗೆ ಬಂದರು. ಬಾಗಿಲಲ್ಲಿ ನಿಂತು, ನನ್ನ ಸೀದ ಅನ್ನದ ವಾಸನೆಗೆ ಮೂಗು ಮುಚ್ಚಿಕೊಂಡು, "ಈಗ ಕೇಳಪ್ಪಾ ಅವಳ್ನ. ನಂದು ಹೂಂ" ಅಂದರು.

ಹೋಗಿ ಕೇಳಿದೆ. ಈ ಸಲ ಮಸಿ ಚೆಲ್ಲಲಿಲ್ಲ. ಮಾತೂ ತಪ್ಪಲಿಲ್ಲ. ನನ್ನ ಜೀವಮಾನದಲ್ಲಿ ನಾನು ಸರಿಯಾಗಿ ಮಾಡಿದ ಒಂದೇ ಕೆಲಸ ಅದು.

ಅವಳು ತಲೆ ಎತ್ತದೆ ಹೇಳಿದಳು: "ನಾಲ್ಕು ವರ್ಷ ಸತ್ತೋನಿಗೆ ಹಿಟ್ಟು ರುಬ್ಬೀನಿ ಮೇಷ್ಟ್ರೇ. ಅದನ್ನ ಕೂತ್ಕೊಂಡು ತಿಂದೋರು ನೀವು. ನಿಮ್ದು ತಪ್ಪಿಲ್ಲ, ನಾನೇ ಬಡಿಸೀನಿ. ಆದ್ರೆ ನಿಮ್ಮ ಮುಖ ನೋಡಿದ್ರೆ ನನಗೆ ಆ ಹುಳಿ ಹಿಟ್ಟಿನ ವಾಸನೆ ಬರ್ತೈತೆ. ದಿನಾ ಹೆಂಗೆ ನೋಡ್ಲಿ?"

ನನಗೆ ಅಂಥ ಹೊತ್ತಿನಲ್ಲೂ ಬಾಯಿ ಮುಚ್ಚುವುದು ಗೊತ್ತಿಲ್ಲ. "ಹಂಗಾದ್ರೆ ಎಕ್ಕದ ಗಿಡಕ್ಕೆ ಏನಂತ ಹೇಳ್ಲಿ?" ಅಂದೆ.

"ಹೂ ಬಿಟ್ಕೊಂಡು ಇರು ಅಂತ ಹೇಳ್ರಿ."

ಚನ್ನಗಿರಿಗೆ ವರ್ಗ ಕೇಳಿಕೊಂಡು ಹೊರಟುಬಂದೆ. ಮೇಷ್ಟ್ರು ರಿಟೈರಾದರು. ವರ್ಷಕ್ಕೊಮ್ಮೆ ಹೋಗಿ ನೋಡುತ್ತಿದ್ದೆ. ಕೋಟಿನ ಗುಂಡಿಯಲ್ಲಿ ನೂಲು ಇರಲಿಲ್ಲ. ಮೇಲೆ ಸದ್ದಾದರೆ ತಲೆ ಎತ್ತುತ್ತಿರಲಿಲ್ಲ. ತಂದೆ ಮಗಳು ಒಂದೇ ಮನೆಯಲ್ಲಿದ್ದು ಒಬ್ಬರೊಡನೆ ಒಬ್ಬರು ಮಾತಾಡುವುದು ಹೆಚ್ಚುಕಡಿಮೆ ಬಿಟ್ಟಿದ್ದರು. ಜಗಳವೇನಿಲ್ಲ. ಅವರಿಗೆ ಅವಳ ಮುಖ ನೋಡಲು ಆಗುತ್ತಿರಲಿಲ್ಲ, ಅಷ್ಟೆ. ಹೋದ ಸಲ ಹೋದಾಗ ನನ್ನ ಕೈ ಹಿಡಿದುಕೊಂಡು, "ಅವಳ ಬಾಳು ನಾನೇ ಹಿಡ್ಕೊಂಡು ಕೂತ್ಬಿಟ್ನಲ್ಲೋ" ಅಂದರು. ಇಲ್ಲ ಸಾರ್ ಅನ್ನಬೇಕಾಗಿತ್ತು.

ಮಣ್ಣಾದ ಸಂಜೆ ನಾನು ಜಗುಲಿಯ ಮೇಲೆ ಕೂತಿದ್ದೆ. ಮೇಷ್ಟ್ರ ಕಾಯಿಲೆ ಕೇಳಿ ಎರಡು ದಿನ ಮೊದಲೇ ಬಂದಿದ್ದ ಬಿಳಿಚೋಡಿನ ಅಣ್ಣ, ಅವಳನ್ನು ತನ್ನ ತಾಯಿಯ ಹತ್ತಿರ ಕರೆದುಕೊಂಡು ಹೋಗಲು ನಿಂತಿದ್ದ. ಅವಳು ಒಳಗಿನಿಂದ ಗೋಳ ತಂದು ನನ್ನ ಮುಂದಿಟ್ಟಳು.

"ಇದನ್ನ ನಿಮ್ಮ ಸ್ಕೂಲಿಗೆ ತಗೊಂಡು ಹೋಗ್ರಿ. ನನಗೆ ಬ್ಯಾಡ."

"ನೀನು ಹೆಂಗಿದೀಯಾ?" ಅಂದೆ. ಎಂಥ ದಡ್ಡ ಪ್ರಶ್ನೆ.

"ಬಸ್ಸಿಗೆ ಹೊತ್ತಾಗ್ತೈತೆ, ಹೋಗ್ರಿ" ಅಂದಳು. ನನ್ನ ಮುಖ ನೋಡಲಿಲ್ಲ.

ವಾಪಸ್ಸು ಬರುವಾಗ ಗೋಳವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಕಂಡಕ್ಟರು, "ಮೇಷ್ಟ್ರೇ, ಇದಕ್ಕೆ ಅರ್ಧ ಟಿಕೀಟು ಹಾಕ್ಲೇನ್ರೀ?" ಅಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಏರಿನಲ್ಲಿ ಎಲ್ಲರೂ ನೂಕಲು ಇಳಿದರು. ಗೋಳ ಹಿಡಿದವನೆಂದು ನನ್ನನ್ನು ಬಿಟ್ಟರು. ಪಕ್ಕದಲ್ಲಿ ಉಳಿದಿದ್ದ ಒಬ್ಬ ಮುದುಕಿ ಕುತೂಹಲದಿಂದ ಬಗ್ಗಿ, "ಇದ್ರಾಗೆ ಸಿಂಗಪುರ ಎಲ್ಲೈತೆ ತಮ್ಮಾ? ನಮ್ಮೂರ ಹುಡುಗ ಒಬ್ಬ ಹೋಗಿದ್ದ" ಅಂದಳು.

ತೋರಿಸೋಣ ಅಂತ ಬೆರಳು ಇಟ್ಟೆ. ಈ ಸಲ ತಪ್ಪಿರಲಿಲ್ಲ, ಸರಿಯಾದ ಜಾಗಕ್ಕೇ ಇಟ್ಟಿದ್ದೆ. ಆದರೆ ಅಲ್ಲಿ ಸಿಂಗಪುರ ಇರಲಿಲ್ಲ. ಅಷ್ಟು ವರ್ಷ ಅದೇ ಜಾಗದಲ್ಲಿ ಉಗುರು ಒತ್ತಿ ಒತ್ತಿ ಕಾಗದ ಸವೆದು, ಒಳಗಿನ ಬಿಳಿ ಸುಣ್ಣ ಕಾಣುತ್ತಿತ್ತು. ಈ ಕಡೆ ಬೆರಳು ತಂದೆ. ಮದರಾಸೂ ಇರಲಿಲ್ಲ. ಅಲ್ಲಿಯೂ ಒಂದು ಬಿಳಿ ಕಲೆ.

ನಡುವಿನ ನಾಲ್ಕು ಬೆರಳು ಸಮುದ್ರ ಮಾತ್ರ ನೀಲಿಯಾಗಿ, ಹೊಸದಾಗಿ, ಹಾಗೇ ಇತ್ತು.